ಲಕ್ಷ್ಮೀಕಾಂತಮ್ಮನ ಒಂಟಿ ಸೀನು

ವಿಜಯವಾಡದ ಪಟಮಟದ ಆ ಮನೆಯಲ್ಲಿ ಲಕ್ಷ್ಮೀಕಾಂತಮ್ಮ ಸೀನಿದರೆ ಹೊರಟವರೆಲ್ಲ ಕೂತುಬಿಡಬೇಕು. ಚಪ್ಪಲಿ ಮೆಟ್ಟಿದವರು ಬಿಟ್ಟು ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಹೊರಟ ಕೆಲಸ ಬೇಕೋ ಬೇಡವೋ ಅಂತ ಇನ್ನೊಮ್ಮೆ ಯೋಚಿಸಬೇಕು. ಜೋಡಿ ಸೀನಾದರೆ ಪರವಾಗಿಲ್ಲ, ಅದು ಶುಭ. ಆದರೆ ಈ ಅಜ್ಜಿಯ ಮೂಗು ಎರಡನೇ ಸೀನಿನ ಮುಖವನ್ನೇ ಕಂಡದ್ದಿಲ್ಲ. ಒಂದೇ ಒಂದು ಬರುತ್ತಿತ್ತು, ಅದೂ ಗೋಡೆಯ ಕ್ಯಾಲೆಂಡರಿನ ಹಾಳೆ ಅಲುಗಾಡುವಂಥದ್ದು. ಆ ಸೀನಿನ ಮಾತು ಕೇಳಿ ಅವರ ಮಗ ದುರ್ಗಾಪ್ರಸಾದ್ ಒಂದು ಸೈಟು ಕೊಳ್ಳುವುದನ್ನು ಬಿಟ್ಟಿದ್ದರು, ಒಂದು ಪಾಲುದಾರಿಕೆ ಮುರಿದುಕೊಂಡಿದ್ದರು, ಒಮ್ಮೆ ಅರ್ಧ ಕ್ಷೌರದಲ್ಲಿ ಎದ್ದು ಬಂದಿದ್ದರು. ಸೈಟಿನ ಮೇಲೆ ಆಮೇಲೆ ಕೇಸು ಬಿತ್ತು. ಪಾಲುದಾರ ಊರು ಬಿಟ್ಟು ಓಡಿದ. ಕ್ಷೌರದ ವಿಷಯದಲ್ಲಿ ತಪ್ಪಿದ ಗಂಡಾಂತರ ಯಾವುದು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಇಂಥ ಮೂಗಿನ ಮುಂದೆ ಪ್ರತೀಕ್ಷಾ ಎರಡು ಸಲ ಸೋತು ಬಂದಿದ್ದಳು.

ಪ್ರತೀಕ್ಷಾ ವಿಶಾಖಪಟ್ಟಣದ ಹುಡುಗಿ. ಅಪ್ಪ ಚಂದ್ರಹಾಸ ದಾವಣಗೆರೆಯವರು, ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಅಮ್ಮ ಪಾರ್ವತಿಯ ಜೊತೆ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ವಾಸ. ಮಗಳು ಊರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಏನು ವಿಷಯ ಅಂತ ದಾವಣಗೆರೆಯ ನೆಂಟರು ಕೇಳಿದಾಗಲೆಲ್ಲ ಪಾರ್ವತಿಗೆ ಮುಜುಗರ. ಯಾಕೆಂದರೆ ವಿಷಯ ಸೀನು. ಕಳೆಗಿಡಗಳ ಪರಾಗ ಗಾಳಿಯಲ್ಲಿ ಹಾರಿ ಬಂದು ಮೂಗಿಗೆ ಹೊಕ್ಕಾಗ, ಅದರೊಳಗಿನ ನೂರಾರು ಪ್ರೋಟೀನುಗಳಲ್ಲಿ ಜಗಳ ತೆಗೆಯುವುದು ಯಾವುದು ಅಂತ ಕಂಡುಹಿಡಿಯುವುದು ಅವಳ ಕೆಲಸ. ಅವಳ ಪಾಲಿಗೆ ಬಂದ ಕಳೆ ಮುಳ್ಳುದಂಟು. ನಾವು ಸಾರಿಗೆ ಹಾಕುವ ದಂಟಿನ ಸೊಪ್ಪಿನ ದಾಯಾದಿ ಅದು, ಮೈಯೆಲ್ಲ ಮುಳ್ಳು, ಚರಂಡಿ ಕಂಡಲ್ಲಿ ಹುಟ್ಟುತ್ತದೆ. ಅಂದರೆ, ದೇಶದ ಎಲ್ಲರ ಸೀನನ್ನೂ ಬಲ್ಲ ಹುಡುಗಿಯ ಮದುವೆಗೆ ಒಂದೇ ಒಂದು ಸೀನು ಅಡ್ಡ ಬಂದಿತ್ತು. ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗುವುದಿಲ್ಲ ಅಂತ ಕಾಣುತ್ತದೆ.

ಹುಡುಗ ಕೃಷ್ಣಚೈತನ್ಯ, ಲಕ್ಷ್ಮೀಕಾಂತಮ್ಮನ ಮೊಮ್ಮಗ. ಆಟೋನಗರದಲ್ಲಿ ಅಪ್ಪ ದುರ್ಗಾಪ್ರಸಾದರ ಶೆಡ್ಡಿನಲ್ಲಿ ಮೀನು, ಐಸ್‌ಕ್ರೀಮು ಸಾಗಿಸುವ ತಣ್ಣನೆಯ ವ್ಯಾನುಗಳಿಗೆ ಬಾಡಿ ಕಟ್ಟುತ್ತಿದ್ದ. ಒಮ್ಮೆ ವಿಶಾಖಪಟ್ಟಣದ ಬಂದರಿಗೆ ಹೊಸ ಮೀನಿನ ವ್ಯಾನು ತಲುಪಿಸಲು ಬಂದಾಗ, ಪ್ರತೀಕ್ಷಾಳ ಲ್ಯಾಬಿನ ಫ್ರೀಜರು ಕೈಕೊಟ್ಟಿತ್ತು. ಯಾರೋ ನಂಬರು ಕೊಟ್ಟರು, ಅವನು ಬಂದ. ಅವಳ ಪರಾಗದ ಸೀಸೆಗಳೂ ನಲವತ್ತು ಜನರ ರಕ್ತದ ಸೀರಮ್ಮೂ ಆ ಖಾಲಿ ವ್ಯಾನಿನಲ್ಲಿ ಒಂದು ಹಗಲೆಲ್ಲ ತಣ್ಣಗೆ ಕೂತವು. ಹೊರಗೆ ಇವರಿಬ್ಬರು ಬಿಸಿಲಲ್ಲಿ ಕೂತರು. ಪ್ರೀತಿ ಹುಟ್ಟಲು ಅಷ್ಟು ಸಾಕಾಯಿತು.

ಎರಡೂ ಮನೆಯವರಿಗೆ ಒಪ್ಪಿಗೆಯೇ. ಲಕ್ಷ್ಮೀಕಾಂತಮ್ಮ ಬಳ್ಳಾರಿಯಿಂದ ಮದುವೆಯಾಗಿ ಬಂದವರು, ಮನೆಯಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿತ್ತು. ಅಜ್ಜಿಗೆ ಮೊಣಕಾಲು ನೋವು, ರೈಲು ಹತ್ತಲಾರರು ಅಂತ ಹೆಣ್ಣಿನ ಕಡೆಯವರೇ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ವಿಜಯವಾಡಕ್ಕೆ ಬಂದರು. ಪ್ರತೀಕ್ಷಾ ಅಮ್ಮನ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟಿದ್ದಳು, ಗಿಳಿಹಸಿರು ಮೈ, ಕುಂಕುಮದ ಬಣ್ಣದ ಅಂಚು. ಅದು ಪಾರ್ವತಿ ತಮ್ಮ ನಿಶ್ಚಿತಾರ್ಥಕ್ಕೆ ಉಟ್ಟದ್ದು, ಅದೃಷ್ಟದ ಸೀರೆ. ಅಜ್ಜಿ ಸೀರೆ ನೋಡಿಯೇ ಅರ್ಧ ಕರಗಿದರು. "ಮೊಳಕಾಲ್ಮೂರಿಂದಲ್ಲೇನವ್ವಾ? ಬಾ ಇಲ್ಲಿ, ಹತ್ರ ಬಾ," ಅಂದರು. ಅವಳು ಹತ್ತಿರ ಹೋಗಿ, ಬಗ್ಗಿ, ಕಾಲಿಗೆ ನಮಸ್ಕಾರ ಮಾಡಿದಳು. ಅಜ್ಜಿ ಆಶೀರ್ವಾದಕ್ಕೆ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಮೂಗು ಮೇಲಾಯಿತು. ಕ್ಯಾಲೆಂಡರಿನ ಹಾಳೆ ಅಲುಗಾಡಿತು.

ಎಲ್ಲರೂ ಕೂತರು. ನೀರು ಬಂತು. ಎರಡನೇ ಸೀನಿಗೆ ಕಾದರು, ಬರಲಿಲ್ಲ.

ಎರಡನೇ ಸಲ ದಿನ ನೋಡಿಕೊಂಡು ತಾಂಬೂಲದ ತಟ್ಟೆಯನ್ನೇ ಸಿದ್ಧ ಮಾಡಿಟ್ಟಿದ್ದರು. ಅದೇ ಸೀರೆ, ಅದೇ ನಮಸ್ಕಾರ, ಅದೇ ಸೀನು. ವಿಚಿತ್ರ ಏನೆಂದರೆ, ಆ ಮೂಗು ಕೆಲವು ವರ್ಷಗಳಿಂದ ತೆಪ್ಪಗಿತ್ತು. ಪಟಮಟದ ಈ ಮೂರನೇ ಮಹಡಿಯ ಮನೆಗೆ ಬಂದ ಮೇಲೆ ಅಜ್ಜಿ ಸೀನಿದ್ದೇ ಅಪರೂಪ. ಹಾಗಿದ್ದೂ ಈ ಹುಡುಗಿ ಬಗ್ಗಿದಾಗಲೆಲ್ಲ ಸೀನು ಬಂತೆಂದರೆ ಏನರ್ಥ ಅಂತ ದುರ್ಗಾಪ್ರಸಾದ್ ತಲೆ ಕೆರೆದುಕೊಂಡರು. ಗುಡಿವಾಡದಲ್ಲಿ ಇನ್ನೊಂದು ಸಂಬಂಧ ಇದೆ ಅಂತ ಯಾರೋ ಮೆಲ್ಲಗೆ ನೆನಪಿಸಿದರು. ಹಿಂದಿರುಗುವ ರೈಲಿನಲ್ಲಿ ಪಾರ್ವತಿ ಊರು ಹತ್ತಿರವಾಗಿ ಅನಕಾಪಲ್ಲಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದವರೇ ಸೀರೆಗೆ ದೃಷ್ಟಿ ತಗುಲಿದೆ ಅಂತ ಹಿಂದಿನ ವರಾಂಡದಲ್ಲಿ ಗಾಳಿಗೆ ಹರಡಿದರು. ರೇಷ್ಮೆಯನ್ನು ನೀರಿಗೆ ಹಾಕುವ ಹಾಗಿಲ್ಲ, ಬಿಸಿಲಿಗೂ ಇಲ್ಲ; ನೆರಳಲ್ಲಿ ಗಾಳಿಯಾಡಿಸಿ ಮಡಿಸಿಡಬೇಕು. "ನಿನ್ನ ಈ ಕಸ ಸ್ವಲ್ಪ ಆ ಕಡೆ ತಳ್ಳೇ, ನನಗೆ ಹಗ್ಗ ಕಟ್ಟಾಕೂ ಜಾಗ ಇಲ್ಲ," ಅಂತ ಮಗಳ ಮೇಲೆ ರೇಗಿದರು. ಪ್ರತೀಕ್ಷಾ ಅಳು ನುಂಗಿಕೊಂಡು ಕಸವನ್ನು ಆ ಕಡೆ ತಳ್ಳಿದಳು.

ಚೈತನ್ಯ ಫೋನಿನಲ್ಲಿ ಒಂದು ಉಪಾಯ ಹೇಳಿದ. ಅವನ ಕನ್ನಡ ಅರ್ಧ ದಾರಿಗೆ ಬಂದು ತೆಲುಗಿನ ಬಸ್ಸು ಹತ್ತುತ್ತಿತ್ತು; ಅಜ್ಜಿ ಅವನಿಗೆ ನಾನಮ್ಮ, ಅಪ್ಪ ನಾನ್ನ. "ನಾನಮ್ಮನ ಕಾಫಿಯಲ್ಲಿ ಒಂದು ಅಲರ್ಜಿ ಮಾತ್ರೆ ಹಾಕಿಬಿಡ್ತೀನಿ. ಅಷ್ಟೇ, ಅಯಿಪೋಯಿಂದಿ."

"ಕೇಳದೆ ಔಷಧಿ ಕೊಡೋದು ತಪ್ಪು, ಚೈತೂ."

"ಕೇಳಿದೆ. ಮೂಗಿನ ಬಾಯಿ ಮುಚ್ಚಿಸ್ತೀಯೇನೋ ಅಂತ ಚಪ್ಪಲಿ ಎತ್ತಿದ್ರು."

ಪ್ರತೀಕ್ಷಾಗೆ ಆಗ ತಾನು ಯಾರು ಅನ್ನುವುದು ನೆನಪಾಯಿತು. ಅಜ್ಜಿಯ ರಕ್ತ ತೆಗೆದು ಪರೀಕ್ಷೆ ಮಾಡಿದರೆ ಸೀನು ಕಳೆಯದ್ದೋ ವಿಧಿಯದ್ದೋ ಗೊತ್ತಾಗುತ್ತದಲ್ಲ. ವಿಜಯವಾಡದ ಡಾಕ್ಟರ್ ರಾಜ್ಯಶ್ರೀ ಅವರ ಅಲರ್ಜಿ ಕ್ಲಿನಿಕ್ಕಿನಿಂದ ಇವರ ಲ್ಯಾಬಿಗೆ ಮೊದಲಿನಿಂದಲೂ ರಕ್ತದ ಮಾದರಿಗಳು ಬರುತ್ತಿದ್ದವು. ಅವಳು ಒಬ್ಬಳೇ ರೈಲು ಹತ್ತಿ, ಚೂಡಿದಾರದಲ್ಲಿ ಪಟಮಟಕ್ಕೆ ಹೋಗಿ, ಅಜ್ಜಿಯ ಎದುರು ಕೂತು ವಿಷಯ ಹೇಳಿದಳು. ಚೂಡಿದಾರಕ್ಕೆ ಅಜ್ಜಿ ಸೀನಲಿಲ್ಲ. ಇದನ್ನು ಆ ಹೊತ್ತಿಗೆ ಪ್ರತೀಕ್ಷಾ ಗಮನಿಸಲಿಲ್ಲ, ಇಷ್ಟು ಓದಿದವಳು ಗಮನಿಸಬೇಕಿತ್ತು.

"ನನ್ ಮೂಗು ವೈಜಾಗಿಗೆ ಹೋಗಿ ಪರೀಕ್ಷೆಗೆ ಕೂಡ್ತೈತಾ?" ಅಜ್ಜಿಯ ಮುಖ ಅರಳಿತು. "ಆಗ್ಲಿ ತಗಾ. ಅದು ಸುಳ್ಳು ಹೇಳಲ್ಲ ಅಂತ ನಿಮ್ ಮೆಷಿನ್ನೇ ಹೇಳ್ಲಿ."

ಒಪ್ಪಂದ ಆಯಿತು. ಕಳೆ ಅಂತ ಬಂದರೆ, ಕಳೆ ಕೀಳಿಸಿ, ಮತ್ತೊಂದು ಸಲ ತಾಂಬೂಲ ಇಡುವುದು. ಆಗಲೂ ಸೀನು ಬಂದರೆ ಗುಡಿವಾಡ. ದುರ್ಗಾಪ್ರಸಾದ್ ಸಾಕ್ಷಿಯಾಗಿ ಕೆಮ್ಮಿದರು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಸರದಿಗಾಗಿ ಕಾಯುವಾಗ ಅಜ್ಜಿ ತಾವಾಗಿಯೇ ಮಾತು ತೆಗೆದರು. ಮದುವೆಯಾಗಿ ಬಂದದ್ದು ಹಳೇ ಪೇಟೆ ಒನ್ ಟೌನಿನ ಮನೆಗೆ. ಕೆಳಗೆ ಮಾವನ ಒಣಮೆಣಸಿನಕಾಯಿ ಮಂಡಿ, ಮೇಲೆ ಸಂಸಾರ. ಇವರಿಗೆ ತೆಲುಗಿನ ಒಂದಕ್ಷರ ಬಾರದು, ಆ ಮನೆಯಲ್ಲಿ ಕನ್ನಡ ಯಾರಿಗೂ ತಿಳಿಯದು.

"ಉಪ್ಪು ಬೇಕು ಅಂದ್ರೆ ನಗೋರು. ನೀರು ಬೇಕು ಅಂದ್ರೆ ನಗೋರು. ನಾನು ಏನಂದ್ರೂ ನಗೋದೇ. ಒಂದಿನ ಮಾವ ಯಾವುದೋ ದೊಡ್ಡ ವ್ಯಾಪಾರಕ್ಕೆ ಹೊರಟ್ರು, ಕೆಳಗಿಂದ ಮೆಣಸಿನ ಘಾಟು ಬಂತು, ನಾನು ಸೀನಿದೆ. ಅವ್ವಾ, ಇಡೀ ಮನೆ ನಿಂತುಬಿಡ್ತು ನೋಡು. ಮಾವ ವಾಪಸ್ ಬಂದು ಕೂತ್ರು. ವ್ಯಾಪಾರಕ್ಕೆ ಹೋದ ಬೇರೆಯೋರೆಲ್ಲ ಮುಳುಗಿದ್ರು. ಅವತ್ತಿಂದ ನಾನು ಬಾಯಿ ತೆಗೆದ್ರೆ ಯಾರೂ ಕೇಳ್ತಿರ್ಲಿಲ್ಲ, ಮೂಗು ತೆಗೆದ್ರೆ ಎಲ್ರೂ ಕೇಳೋರು."

ಪ್ರತೀಕ್ಷಾ ನಕ್ಕಳು. ನಕ್ಕ ಮೇಲೆ ಅಜ್ಜಿ ನಗುತ್ತಿಲ್ಲ ಅನ್ನುವುದು ಕಾಣಿಸಿತು. ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು, ಅಜ್ಜಿ ತೋಳು ಮೇಲಕ್ಕೆ ಸರಿಸಿಕೊಂಡು ಎದ್ದರು.

ಲ್ಯಾಬಿನ ಕೆಲಸ ಹೀಗೆ. ಪರಾಗವನ್ನು ಉಪ್ಪುನೀರಿನಂಥ ದ್ರಾವಣದಲ್ಲಿ ನೆನೆಹಾಕಿ ಪ್ರೋಟೀನುಗಳನ್ನು ಹೊರಗೆ ಎಳೆಯುವುದು. ಅವನ್ನು ಜೆಲ್ ಅನ್ನುವ ತೆಳ್ಳನೆಯ ಹಲಗೆಯ ಮೇಲೆ ಕರೆಂಟು ಕೊಟ್ಟು ಓಡಿಸುವುದು. ಸಣ್ಣವು ಬೇಗ ಮುಂದೆ ಹೋಗುತ್ತವೆ, ದಪ್ಪನೆಯವು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತವೆ. ಹಾಗೆ ಸಾಲಾಗಿ ನಿಂತವನ್ನು ಬಿಳಿ ಪಟ್ಟಿಗಳ ಮೇಲೆ ಇಳಿಸಿ, ಒಂದೊಂದು ಪಟ್ಟಿಗೆ ಒಬ್ಬೊಬ್ಬರ ಸೀರಮ್ಮು ಹಾಕುವುದು. ಆ ಮನುಷ್ಯನ ರಕ್ತಕ್ಕೆ ಯಾವ ಪ್ರೋಟೀನಿನ ಮೇಲೆ ದ್ವೇಷವೋ ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಅಲರ್ಜಿಯೇ ಇಲ್ಲದವರ ಪಟ್ಟಿ ಖಾಲಿ ಉಳಿಯಬೇಕು. ಹೋಲಿಸಿ ನೋಡಲು ಅಂಥವರೂ ಬೇಕು. ಆ ಜಾಗಕ್ಕೆ ಪ್ರತೀಕ್ಷಾ ತನ್ನ ಅಪ್ಪನನ್ನೇ ಇಟ್ಟುಕೊಂಡಿದ್ದಳು. ಚಂದ್ರಹಾಸರ ಪಟ್ಟಿ ಯಾವಾಗಲೂ ಹಾಲಿನಷ್ಟು ಬಿಳಿ. "ಈ ಸಲನೂ ಏನೂ ಬರ್ಲಿಲ್ವಾ?" ಅಂತ ಅವರು ಪ್ರತಿಸಲ ಬೇಜಾರಿನಿಂದ ಕೇಳುತ್ತಿದ್ದರು.

ಬೇರೆಯವರ ಪಟ್ಟಿಗಳಲ್ಲಿ ನಾಲ್ಕೈದು ಮಸುಕು ಗೆರೆಗಳು ಮೂಡಿದವು. ಲಕ್ಷ್ಮೀಕಾಂತಮ್ಮನ ಪಟ್ಟಿಯಲ್ಲಿ ಒಂದೇ ಗೆರೆ. ಆದರೆ ಅದು ಕಾಡಿಗೆ ತೀಡಿದ ಹಾಗೆ ದಪ್ಪಗೆ, ಕಪ್ಪಗೆ, ಅಹಂಕಾರದಿಂದ ಕೂತಿತ್ತು. ಒಂಟಿ ಸೀನಿನವರಿಗೆ ಒಂಟಿ ಗೆರೆ. ಅವಳ ಗೈಡ್ ಮಾಧವೀಲತಾ ಮೇಡಂ ಕನ್ನಡಕ ಏರಿಸಿ ನೋಡಿ, ಇಷ್ಟು ಚೆಂದದ ಗೆರೆಯನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಅಂದರು. ಜೆಲ್ಲಿನಲ್ಲಿ ಆ ಜಾಗವನ್ನು ಕತ್ತರಿಸಿ ದೊಡ್ಡ ಯಂತ್ರವಿರುವ ಕಡೆಗೆ ಕಳಿಸಿದರು. ಉತ್ತರ ಬಂತು: ಪುಟ್ಟದೊಂದು ಪ್ರೋಟೀನು, ಆಲಿವ್ ಮರದ ಪರಾಗದಲ್ಲಿ ಮೊದಲು ಸಿಕ್ಕ ಬಳಗಕ್ಕೆ ಸೇರಿದ್ದು.

ಪ್ರತೀಕ್ಷಾ ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ ಹೋಗುವಾಗ ಒಂದು ಮಾತು ಹೇಳಿದರು. "ಈ ಪಟ್ಟಿ ಯಾವ ಪ್ರೋಟೀನು ಅಂತ ಹೇಳುತ್ತಮ್ಮಾ, ಅದು ಎಲ್ಲಿಂದ ಬಂತು ಅಂತ ಹೇಳಲ್ಲ." ಖುಷಿಯಲ್ಲಿದ್ದವಳ ಕಿವಿಗೆ ಅದು ಬೀಳಲಿಲ್ಲ.

ಅಜ್ಜಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಮೊದಲು ನಂಬಲಿಲ್ಲ. "ತೋಟಕೂರ, ನಮ್ ದಂಟಿನ ಸೊಪ್ಪಿನ ಜಾತೀದಾ? ದಿನಾ ಅದರ ಪುಲುಸು ತಿಂದ್ಕೊಂಡೇ ಇಷ್ಟು ವರ್ಷ ಬದುಕೀನಿ."

"ಬೇಯಿಸಿದ ಸೊಪ್ಪು ಬೇರೆ, ಗಾಳಿಯಲ್ಲಿ ಬರೋ ಪರಾಗ ಬೇರೆ ಅಜ್ಜಿ. ಇದು ಆಲಿವ್ ಮರದ ಪ್ರೋಟೀನಿನ ನೆಂಟ."

"ಆಲಿವ್ ಅಂದ್ರೆ ಆ ಶೀಶೆ ಎಣ್ಣೇದಾ?"

"ಹೂಂ."

"ಹಂಗಾರೆ ದೊಡ್ಡ ಮನೆತನಾನೇ," ಅಂದರು ಅಜ್ಜಿ, ಸ್ವಲ್ಪ ಸಮಾಧಾನವಾದಂತೆ.

ಇನ್ನು ಕಳೆ ಕೀಳುವ ಸಂಭ್ರಮ. ಮಳೆಗಾಲ ಮುಗಿಯುತ್ತ ಬಂದಿತ್ತು, ಮುಳ್ಳುದಂಟು ಎಲ್ಲೆಲ್ಲೂ ಎದೆಯೆತ್ತರ. ದುರ್ಗಾಪ್ರಸಾದ್ ಆಟೋನಗರದ ಶೆಡ್ಡಿನ ಕೆಲಸಗಾರರನ್ನೆಲ್ಲ ಲಾರಿಯಲ್ಲಿ ತುಂಬಿಸಿಕೊಂಡು ಬಂದರು. ವೆಲ್ಡಿಂಗಿನ ಕೈಗವಸು ತೊಟ್ಟವರು ಖಾಲಿ ಸೈಟಿಗೆ ನುಗ್ಗಿದರು, ಚರಂಡಿ ಬದಿ ಬೋಳಿಸಿದರು, ಟ್ರಾನ್ಸ್‌ಫಾರ್ಮರಿನ ಸುತ್ತ ಸವರಿದರು. ಹುರುಪಿನಲ್ಲಿ ಪಕ್ಕದ ಮನೆಯ ಭ್ರಮರಾಂಬ ಅವರ ಹಿತ್ತಿಲಿನ ದಂಟಿನ ಪಾತಿಯನ್ನೂ ಬುಡಸಮೇತ ಕಿತ್ತರು. ಭ್ರಮರಾಂಬ ಗೇಟಿನಲ್ಲಿ ನಿಂತು ದುರ್ಗಾಪ್ರಸಾದರ ವಂಶಾವಳಿಯನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಚೈತನ್ಯ ಫೋಟೋ ಕಳಿಸಿದ: ಬೀದಿ ಬೀದಿಯೇ ನುಣ್ಣಗೆ. ಪ್ರತೀಕ್ಷಾ ಆ ಫೋಟೋವನ್ನು ದೇವರ ಪಟದ ಹಾಗೆ ನೋಡಿದಳು.

ಮೂರನೇ ಸಲದ ತಾಂಬೂಲದ ದಿನ ಪಟಮಟದ ಮನೆಗೆ ಹೋದವರಿಗೆ ಇದು ಶುಭಕಾರ್ಯವೋ ಪೊಲೀಸ್ ದಾಳಿಯೋ ಅಂತ ಅನುಮಾನ ಬರುವಂತಿತ್ತು. ಕಿಟಕಿಗಳೆಲ್ಲ ಬಂದ್. ಧೂಳು ಏಳಬಾರದೆಂದು ಫ್ಯಾನೂ ಬಂದ್. ವಿಜಯವಾಡದ ಸೆಕೆಯಲ್ಲಿ ಫ್ಯಾನು ನಿಲ್ಲಿಸುವುದು ಅಂದರೆ ಬಂದ ನೆಂಟರನ್ನು ಬೇಯಿಸಿದ ಹಾಗೇ ಲೆಕ್ಕ. ಬೇರೆ ಯಾರೂ ಸೀನಿ ಲೆಕ್ಕ ಕೆಡಿಸಬಾರದೆಂದು ಬಾಗಿಲಲ್ಲೇ ಚೈತನ್ಯ ನಿಂತು ಎಲ್ಲರಿಗೂ ಪೇಂಟ್ ಹೊಡೆಯುವವರ ಮಾಸ್ಕು ಹಂಚುತ್ತಿದ್ದ, ಮುಖದ ಮುಂದೆ ಎರಡು ದಪ್ಪ ಡಬ್ಬಿ ಇರುವಂಥದ್ದು. ಪುರೋಹಿತರಿಗೂ ಹಾಕಿಸಿದ. ಮಂತ್ರ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಎಲ್ಲರ ನಡುವೆ ಮೂಗು ಬಿಟ್ಟುಕೊಂಡು ಕೂತವರು ಲಕ್ಷ್ಮೀಕಾಂತಮ್ಮ ಒಬ್ಬರೇ. ಮಾಸ್ಕು ಕೊಟ್ಟರೆ, "ಪರೀಕ್ಷೆ ನನ್ನ ಮೂಗಿಗೆ, ಮುಚ್ಕೊಂಡು ಕೂತ್ರೆ ಕಾಪಿ ಹೊಡ್ದಂಗೆ," ಅಂತ ನಿರಾಕರಿಸಿದರು.

ಪ್ರತೀಕ್ಷಾ ಬಂದಳು. ಅದೇ ಮೊಳಕಾಲ್ಮೂರು ಸೀರೆ. ಎರಡು ಸಲ ಸೋತ ಸೀರೆಯನ್ನೇ ಮತ್ತೆ ಉಡಬೇಕೇ ಅಂತ ಅವಳು ಕೇಳಿದ್ದಳು. ಬೇರೆ ಸೀರೆಗೆ ಪಾರ್ವತಿ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ದೃಷ್ಟಿಯೆಲ್ಲ ಹೋಗಲಿ ಅಂತ ಈ ಸಲ ದಿನಗಟ್ಟಲೆ ವರಾಂಡದಲ್ಲಿ ಗಾಳಿಯಾಡಿಸಿದ್ದರು. ಬಾಗಿಲ ಬಳಿ ಚೈತನ್ಯ ಮಾಸ್ಕಿನೊಳಗಿಂದ ಕಣ್ಣು ಮಿಟುಕಿಸಿದ. ಅವಳಿಗೆ ನಗು ಬರಲಿಲ್ಲ. ಈ ಹುಡುಗ ತನಗೆ ಬೇಕು. ಬೇಕೇ ಬೇಕು. ಇದೊಂದು ನಮಸ್ಕಾರ ದಾಟಿದರೆ ಸಾಕು ಅಂದುಕೊಂಡು ಅಜ್ಜಿಯ ಮುಂದೆ ಬಗ್ಗಿದಳು. ಸೆರಗು ಜಾರಿ ಅಜ್ಜಿಯ ಮಡಿಲಿಗೆ ಬಿತ್ತು.

ಅಜ್ಜಿಯ ಮೂಗು ಮೇಲಾಯಿತು.

ಆ ಸೀನಿಗೆ ದೀಪ ನಡುಗಿತು. ಪುರೋಹಿತರು ಮಾಸ್ಕಿನೊಳಗೇ ಮಂತ್ರ ನಿಲ್ಲಿಸಿದರು. ಪಾರ್ವತಿ ಚಂದ್ರಹಾಸರ ತೋಳು ಹಿಡಿದುಕೊಂಡರು. ದುರ್ಗಾಪ್ರಸಾದ್ ಅಭ್ಯಾಸಬಲದಿಂದ ಒಂದು ಲೋಟ ನೀರಿಗೆ ಕೈಚಾಚಿದರು. ಇಡೀ ಕೋಣೆ ಎರಡನೇ ಸೀನಿಗೆ ಕಾಯಿತು. ಬರಲಿಲ್ಲ.

ಬಗ್ಗಿದ ಪ್ರತೀಕ್ಷಾ ಬಗ್ಗಿದಂತೆಯೇ ಇದ್ದಳು. ಅಳುವುದಕ್ಕಲ್ಲ. ದೀಪದ ಬೆಳಕಿನಲ್ಲಿ ಸೀರೆಯ ಅಂಚಿನಿಂದ ಏನೋ ತೆಳ್ಳಗೆ ಮೇಲೆದ್ದು ತೇಲುತ್ತಿತ್ತು. ಹಳದಿ. ಆ ಹಳದಿ ಅವಳಿಗೆ ಗೊತ್ತು. ವರ್ಷಗಳಿಂದ ಸೋಸಿ, ತೂಗಿ, ಸೀಸೆಯಲ್ಲಿ ತುಂಬಿದ ಹಳದಿ ಅದು. ಫೋನು ತೆಗೆದು ಅದರ ಕಪ್ಪು ಗಾಜಿನ ಮೇಲೆ ಸೆರಗಿನ ಮಡಿಕೆಯನ್ನು ಮೆಲ್ಲಗೆ ಕೊಡವಿದಳು. ಗಾಜಿನ ಮೇಲೆ ಅರಿಶಿನ ಚೆಲ್ಲಿದಂತಾಯಿತು.

ಅವಳಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ಲ್ಯಾಬಿನ ಒಣಗಿಸುವ ಕೋಣೆಯ ಸೂರು ಸೋರುತ್ತದೆ ಅಂತ ಮುಳ್ಳುದಂಟಿನ ಹೂಗೊಂಚಲುಗಳನ್ನು ಅವಳು ಮನೆಗೆ ತಂದು ಒಣಹಾಕುತ್ತಿದ್ದಳು. ಬಿಸಿಲು ಬಿದ್ದರೆ ಪ್ರೋಟೀನು ಕೆಡುತ್ತದೆ, ಅದಕ್ಕೇ ನೆರಳಿನಲ್ಲಿ, ಗಾಳಿಯಾಡುವ ಹಿಂದಿನ ವರಾಂಡದಲ್ಲಿ. ಅಮ್ಮನೂ ಸೀರೆಯನ್ನು ಉಡುವ ಮೊದಲೂ ಉಟ್ಟ ಮೇಲೂ ಹರಡುತ್ತಿದ್ದದ್ದು ನೆರಳಿನಲ್ಲಿ, ಗಾಳಿಯಾಡುವ ಹಿಂದಿನ ವರಾಂಡದಲ್ಲಿ. ಕೆಳಗೆ ಹೂಗೊಂಚಲು, ಮೇಲೆ ರೇಷ್ಮೆ. ಅಮ್ಮ ಕಸ ಅಂದದ್ದು ಅದನ್ನೇ. ಆ ಮನೆಯಲ್ಲಿ ಯಾರಿಗೂ ಅಲರ್ಜಿಯಿಲ್ಲ, ಪಕ್ಕದಲ್ಲೇ ಕೂತು ಪೇಪರು ಓದುವ ಅಪ್ಪನಂತೂ ಹಾಲಿನಷ್ಟು ಬಿಳಿ. ಯಾರೂ ಸೀನಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಲ್ಯಾಬಿನಲ್ಲಿ ಕೈಗವಸು, ಕೋಟು, ಟೋಪಿ ಅಂತ ಪ್ರಾಣ ತಿನ್ನುವವಳು, ಊರಿಗೆಲ್ಲ ಸಾಲುವಷ್ಟು ಪರಾಗವನ್ನು ಮೈತುಂಬ ಉಟ್ಟುಕೊಂಡು ಮೂರು ಸಲ ರೈಲಿನಲ್ಲಿ ಬಂದಿದ್ದಳು.

ಹೇಳದೇ ಇದ್ದರೂ ನಡೆಯುತ್ತಿತ್ತು. ಇನ್ನೆಲ್ಲೋ ಒಂದು ಗಿಡ ಉಳಿದಿದೆ ಅನ್ನಬಹುದಿತ್ತು. ಆದರೆ ಅಷ್ಟು ಜನ ಸೆಕೆಯಲ್ಲಿ ಬೇಯುತ್ತಿದ್ದರು, ಭ್ರಮರಾಂಬ ಅವರ ದಂಟಿನ ಪಾತಿ ಹೋಗಿತ್ತು, ಅವಳಿಗೆ ನಾಚಿಕೆಯಾಯಿತು.

"ಅಜ್ಜಿ," ಅಂದಳು, "ನಿಮ್ಮ ಮೂಗು ಹೇಳಿದ್ದೇ ಸರಿ. ಸೀನು ನನ್ನ ಜೊತೆಗೇ ಬರ್ತಾ ಇದೆ."

ಪ್ರತೀಕ್ಷಾ ವರಾಂಡದ ಕಥೆ ಹೇಳಿದಳು, ಫೋನಿನ ಮೇಲಿನ ಹಳದಿ ತೋರಿಸಿದಳು. ದುರ್ಗಾಪ್ರಸಾದ್ ಮಾಸ್ಕು ಕೆಳಗಿಳಿಸಿ ನೋಡಿದರು, ಮತ್ತೆ ಏರಿಸಿಕೊಂಡರು. ಚೈತನ್ಯ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದ. ಅಳುತ್ತಿದ್ದಾನೆ ಅಂತ ಚಂದ್ರಹಾಸ ಅವನ ಬೆನ್ನು ಸವರಿದರು.

ಅಜ್ಜಿ ಮಾತ್ರ ನೆಟ್ಟಗೆ ಕೂತರು. "ಕೇಳಿದ್ಯೇನೋ ಪ್ರಸಾದೂ? ಮೊದಲ್ನೇ ದಿನದಿಂದ ನನ್ ಮೂಗು ಈ ಹುಡುಗೀನೇ ತೋರಿಸ್ತಾ ಐತೆ."

"ಹುಡುಗೀನಲ್ಲ ಅಜ್ಜಿ, ಸೀರೇನ."

"ಅದು ಹೆಂಗೆ ಗೊತ್ತು?"

ಪ್ರಶ್ನೆ ಸರಿಯಾದದ್ದೇ, ಗೈಡೂ ಇದನ್ನೇ ಕೇಳುತ್ತಿದ್ದರು. ಪ್ರತೀಕ್ಷಾ ಎದ್ದು ಬಚ್ಚಲಿಗೆ ಹೋದಳು. ತಲೆಗೆ ನೀರು ಹಾಕಿಕೊಂಡಳು. ಅಜ್ಜಿ ತಮ್ಮ ಬೀರುವಿನಿಂದ ಒಂದು ಹಳೆಯ ಮಂಗಳಗಿರಿ ನೂಲಿನ ಸೀರೆ ತೆಗೆಸಿ ಬಾಗಿಲ ಸಂದಿಯಿಂದ ಕೊಡಿಸಿದರು. ಒದ್ದೆ ತಲೆ, ನೂಲಿನ ಸೀರೆ, ಮುಖದಲ್ಲಿ ಪೌಡರೂ ಇಲ್ಲ. ಹಾಗೆ ಬಂದು ಅವಳು ಮತ್ತೆ ಬಗ್ಗಿದಳು. ಸೆರಗನ್ನು ಬೇಕೆಂದೇ ಅಜ್ಜಿಯ ಮಡಿಲಿಗೆ ಬಿಟ್ಟಳು.

ಅಜ್ಜಿ ಕಣ್ಣು ಮುಚ್ಚಿ ಮೂಗಿನ ಹೊಳ್ಳೆ ಅರಳಿಸಿದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರು. ಸೆರಗಿನ ತುದಿ ಎತ್ತಿ ಮೂಸಿ ಕೂಡ ನೋಡಿದರು.

"ಬರ್ತಾ ಇಲ್ಲವ್ವಾ," ಅಂದರು ಕೊನೆಗೆ.

ಕೋಣೆಗೆ ಕೋಣೆಯೇ ಮಾಸ್ಕು ಕಿತ್ತು ಬಿಸಾಡಿತು. ಯಾರೋ ಫ್ಯಾನು ಹಾಕಿದರು. ಪಾರ್ವತಿ ಅಳುತ್ತಲೇ ನಕ್ಕರು, ತಟ್ಟೆಗಳು ಕೈ ಬದಲಾದವು, ಪುರೋಹಿತರು ಉಳಿದ ಮಂತ್ರವನ್ನು ಸ್ವಚ್ಛವಾಗಿ ಹೇಳಿದರು. ದುರ್ಗಾಪ್ರಸಾದ್ ಎಲ್ಲರಿಗೂ ಜೋರಾಗಿ ವಿವರಿಸುತ್ತಿದ್ದರು: "ಅಮ್ಮನ ಸೀನು ಅಂದ್ರೆ ಬರೀ ಸೊಪ್ಪಂತೆ. ಇಷ್ಟು ವರ್ಷ ಸುಮ್ನೆ ಹೆದರ್ಕೊಂಡಿದ್ವಿ. ಇನ್ಮೇಲೆ ಯಾರೂ ಕೂತ್ಕೋಬೇಕಿಲ್ಲ." ನೆಂಟರು ಹೋ ಅಂತ ನಕ್ಕರು.

ಪ್ರತೀಕ್ಷಾ ಅಜ್ಜಿಯ ಕಡೆ ನೋಡಿದಳು. ಅಜ್ಜಿಯೂ ನಗುತ್ತಿದ್ದರು, ಆದರೆ ಒಂದು ಕ್ಷಣ ತಡವಾಗಿ, ಭಾಷೆ ತಿಳಿಯದ ಮನೆಗೆ ಹೊಸದಾಗಿ ಬಂದವರು ನಗುವ ಹಾಗೆ. ಪ್ರತೀಕ್ಷಾಳಿಗೆ ಕ್ಲಿನಿಕ್ಕಿನ ಬೆಂಚು ನೆನಪಾಯಿತು. ಪ್ರೋಟೀನನ್ನೇನೋ ಹಿಡಿದಿದ್ದಳು, ಹಿಡಿಯುವ ಭರದಲ್ಲಿ ಅಜ್ಜಿಯ ಬಾಯಿಯನ್ನೇ ಕಟ್ಟಿಬಿಟ್ಟಿದ್ದಳು.

ಹೊರಡುವ ಹೊತ್ತಿಗೆ ಅಜ್ಜಿ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು.

"ಆ ಮೊಳಕಾಲ್ಮೂರು ಸೀರೆ ಎಲ್ಲೈತೆ?"

"ಕವರಿನಲ್ಲಿ ಕಟ್ಟಿಟ್ಟಿದೀನಿ ಅಜ್ಜಿ. ಡ್ರೈಕ್ಲೀನಿಂಗ್ ಮಾಡಿಸ್ತೀನಿ, ಇನ್ನು ನಿಮಗೆ ತೊಂದರೆ ಇರಲ್ಲ."

"ಮಾಡಿಸಬ್ಯಾಡ." ಅಜ್ಜಿ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಇಲ್ಲೇ ಬಿಟ್ಟು ಹೋಗು. ಆ ಪರಾಗ ಎಷ್ಟು ದಿನ ಕೆಲಸ ಮಾಡ್ತೈತೆ?"

"ಒಣಗಿದ್ದ ಕಡೆ ಇಟ್ರೆ ತುಂಬಾ ದಿನ," ಅಂದಳು ಪ್ರತೀಕ್ಷಾ. ಅಜ್ಜಿಯ ಕಣ್ಣು ನೋಡಿ, "ಆದರೆ ಅಜ್ಜಿ, ದಮ್ಮು ಗಿಮ್ಮು ಬಂದರೆ," ಅಂದಳು.

"ದಮ್ಮು ನಂಗೆ ಯಾವತ್ತೂ ಬಂದಿಲ್ಲ. ಒಂದೇ ಒಂದು ಸೀನು. ನಿಮ್ ಮೆಷಿನ್ನೇ ಹೇಳಿಲ್ವೇನವ್ವಾ, ಒಂದೇ ಗೆರೆ ಅಂತ?"

ಪ್ರತೀಕ್ಷಾ ಹೊರಗೆ ಹೋಗಿ ಕವರು ತಂದಳು. ಆಮೇಲೆ ಸೀರೆಯ ಕವರನ್ನು ಇನ್ನೊಂದು ಕವರಿನಲ್ಲಿ ಹಾಕಿ, ಗಾಳಿಯಾಡದಂತೆ ಗಂಟು ಕಟ್ಟಿ, ಬೀರುವಿನ ಕೆಳಗಿನ ಅರೆಯಲ್ಲಿ ಹಿಂದಕ್ಕೆ ಇಟ್ಟಳು. ಒಂದು ಅಲರ್ಜಿ ಮಾತ್ರೆಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟು, ಮೂಗು ತುಂಬ ತುರಿಸಿದರೆ ಒಂದು ನುಂಗಲೇಬೇಕು ಅಂತ ಆಣೆ ಹಾಕಿಸಿಕೊಂಡಳು. ಅಮ್ಮನಿಗೆ ಸೀರೆಯ ಬಗ್ಗೆ ಏನು ಹೇಳುವುದು ಅನ್ನುವುದನ್ನು ರೈಲಿನಲ್ಲಿ ಯೋಚಿಸಿದರಾಯಿತು ಅಂದುಕೊಂಡಳು.

ಮದುವೆಯ ಊಟದ ಮಾತುಕತೆಯ ದಿನ ಚೈತನ್ಯ ಫೋನು ಮಾಡಿದ. ಅವನ ದನಿಯಲ್ಲಿ ಗಾಬರಿ.

"ನಾನಮ್ಮಂದು ಮತ್ತೆ ಶುರುವಾಯ್ತು. ನಾನ್ನ ಪಾಸ್ತಾ ಕೌಂಟರ್ ಇಡೋಣ ಅಂದ್ರು. ನಾನಮ್ಮ ಮಿರ್ಚಿ ಮಂಡಕ್ಕಿ ಇಡಬೇಕು ಅಂತ ಮೊದಲಿಂದ ಹೇಳ್ತಾನೇ ಇದ್ರು, ಯಾರೂ ಕೇಳ್ತಿರ್ಲಿಲ್ಲ. ಕನ್ನಡಕ ತರ್ತೀನಿ ಅಂತ ಒಳಗೆ ಹೋದ್ರು, ಬಂದು ಕೂತ್ರು, ಒಂದು ಸೀನು. ಕಿಟಕಿ ಎಲ್ಲಾ ಹಾಕಿತ್ತು, ಪ್ರತೀ. ನಾನೇ ನೋಡಿದೆ."

"ಆಮೇಲೆ?"

"ನಾನ್ನ ಕೂತ್ಕೊಂಡುಬಿಟ್ರು. ನೀರು ಕುಡಿದ್ರು. ಪಾಸ್ತಾ ತೆಗೆಸಿ ಮಿರ್ಚಿ ಮಂಡಕ್ಕಿ ಬರೆಸಿದ್ರು. ನಾನಮ್ಮ ಮತ್ತೆ ಕನ್ನಡಕ ಇಡ್ತೀನಿ ಅಂತ ಒಳಗೆ ಹೋಗಿ ಬಂದು, ಇನ್ನೊಂದು ಸೀನಿದ್ರು. ಜೋಡಿ. ಶುಭ ಅಂತ ಎಲ್ಲಾ ಚಪ್ಪಾಳೆ ಹೊಡೆದ್ರು. ಅವರ ಜನ್ಮದಲ್ಲೇ ಮೊದಲ ಜೋಡಿ ಸೀನು ಇದು. ಸೈನ್ಸಲ್ಲಿ ಇದಕ್ಕೆ ಏನಂತಾರೆ?"

ಪ್ರತೀಕ್ಷಾ ಲ್ಯಾಬಿನ ಕಿಟಕಿಯಿಂದ ಹೊರಗೆ ನೋಡಿದಳು. ಕಾಂಪೌಂಡಿನ ಪಕ್ಕದಲ್ಲಿ ಮುಳ್ಳುದಂಟು ಹೊಸದಾಗಿ ಚಿಗುರಿ ನಿಂತಿತ್ತು.

"ಇನ್ನೂ ಗೊತ್ತಾಗಿಲ್ಲ," ಅಂದಳು. "ಅಜ್ಜಿಗೆ ಒಂದು ಮಾತು ಹೇಳು. ಅದನ್ನ ಅಷ್ಟು ಹತ್ತಿರ ಹಿಡ್ಕೋಬಾರದಂತೆ, ದೂರದಿಂದಲೇ ಸಾಕಂತೆ ಅಂತ."

"ಯಾವುದನ್ನ?"

"ಕನ್ನಡಕಾನ," ಅಂದಳು ಪ್ರತೀಕ್ಷಾ.